ಬಸ್ಸಿನಲ್ಲಿ ಬಂದದ್ದಲ್ಲ

ದೀಪಾವಳಿ ಮುಗಿದ ಮೇಲೆ ಉತ್ತರ ಕರ್ನಾಟಕದ ಯಾವುದಾದರೂ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಸಂಜೆ ಹೊತ್ತು ಹೋಗಿ ನಿಂತರೆ, ಗುಳೆ ಹೊರಟವರು ಯಾರೆಂದು ಕೇಳಬೇಕಾಗಿಲ್ಲ. ಗಂಟುಗಳೇ ಹೇಳುತ್ತವೆ. ಯೂರಿಯಾ ಚೀಲದಲ್ಲಿ ಜೋಳದ ಹಿಟ್ಟು, ಡಬ್ಬಿಯಲ್ಲಿ ಶೇಂಗಾ ಚಟ್ನಿ, ಕೌದಿಯೊಳಗೆ ಸುತ್ತಿಟ್ಟ ರೊಟ್ಟಿ ಹಂಚು, ಪಂಜೆಯ ತುಂಡಿನಲ್ಲಿ ಕಟ್ಟಿದ ಕಟಿ ರೊಟ್ಟಿ. ಪಣಜಿ, ಪುಣೆ, ಮುಂಬೈ, ಬೆಂಗಳೂರು ಎಂದು ಬರೆದ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಮೇಸ್ತ್ರಿಯಿಂದ ಮುಂಗಡ ಪಡೆದವರು ಗಂಟನ್ನು ಮೇಲೇರಿಸಿ ಹತ್ತುತ್ತಾರೆ. ಮಳೆಗಾಲದ ಹೊತ್ತಿಗೆ ಹಿಂದಿರುಗುತ್ತಾರೆ, ಎಲ್ಲರೂ ಅಲ್ಲ.

ಇಂಥದೊಂದು ಸಂಜೆ ಪಕ್ಕದ ಕಲ್ಲುಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರೊಂದಿಗೆ ಮಾತಿಗಿಳಿದಿದ್ದೆ. ನಾನು ಏನು ಬರೆಯುತ್ತಿದ್ದೇನೆಂದು ತಿಳಿದ ಮೇಲೆ ಅವರು ದನಿ ತಗ್ಗಿಸಿದರು. "ಆ ದೊಡ್ಡ ಜಡ್ಡ ಐತಲ್ರಿ, ನಮ್ಮ ಕಡಿ ಇರಲೇ ಇಲ್ರಿ ಅದು. ಈ ಬಸ್ಸಿನಾಗ ಬಂದದ್ದ ನೋಡ್ರಿ."

ಎಚ್‌ಐವಿಯ ಹೆಸರನ್ನು ಬಾಯಿಬಿಟ್ಟು ಹೇಳದೆ 'ದೊಡ್ಡ ಜಡ್ಡು' ಎಂದರು. ಅವರ ಮಾತು ಪೂರ್ತಿ ಸುಳ್ಳಲ್ಲ. ಒಂದು ಕಾಲಕ್ಕೆ ವೈದ್ಯಶಾಸ್ತ್ರವೂ ಹೆಚ್ಚುಕಡಿಮೆ ಇದನ್ನೇ ನಂಬಿತ್ತು: ಗಂಡಸು ದುಡಿಯಲು ಹೋಗುತ್ತಾನೆ, ಶಹರದಲ್ಲಿ ಸೋಂಕು ಹಚ್ಚಿಕೊಳ್ಳುತ್ತಾನೆ, ಊರಿಗೆ ತಂದು ಹೆಂಡತಿಗೆ ಕೊಡುತ್ತಾನೆ. ಸರಳವಾದ ಕಥೆ. ಹೀಗೆ ಸರಳವಾಗಿದ್ದುದರಿಂದಲೇ ಅದನ್ನು ಬಹಳ ವರ್ಷ ಯಾರೂ ಪರೀಕ್ಷೆಗೆ ಹಚ್ಚಲಿಲ್ಲ.

ಲೈಂಗಿಕ ರೋಗಗಳನ್ನು ಹೊರಗಿನವರ ತಲೆಗೆ ಕಟ್ಟುವ ಚಾಳಿ ಹಳೆಯದು. ಸಿಫಿಲಿಸ್ ಯುರೋಪಿನಲ್ಲಿ ಹಬ್ಬಿದಾಗ ಇಟಲಿಯವರು ಅದನ್ನು ಫ್ರೆಂಚರ ರೋಗ ಎಂದರು, ಫ್ರೆಂಚರು ನೇಪಲ್ಸಿನ ರೋಗ ಎಂದರು. ನಮ್ಮಲ್ಲಿ 16ನೇ ಶತಮಾನದ ಭಾವಮಿಶ್ರ ತನ್ನ 'ಭಾವಪ್ರಕಾಶ'ದಲ್ಲಿ ಅದಕ್ಕೆ ಕೊಟ್ಟ ಹೆಸರು ಫಿರಂಗ ರೋಗ, ಅಂದರೆ ಪರಂಗಿಯವರಿಂದ ಬಂದದ್ದು. ಆ ಪರಂಗಿಗಳು 1510ರಲ್ಲಿ ಬಂದು ತಳವೂರಿದ್ದು ಗೋವೆಯಲ್ಲಿ. ಸುಮಾರು ಐನೂರು ವರ್ಷಗಳ ಬಳಿಕ ಅದೇ ಗೋವೆಯಲ್ಲಿ, ಕಟ್ಟಡ ಕಟ್ಟಲು ಹೋದ ನಮ್ಮವರತ್ತ ಬೆರಳು ತಿರುಗಿತು. ಪಶ್ಚಿಮ ನೇಪಾಳದ ಗುಡ್ಡಗಾಡಿನವರು ಎಚ್‌ಐವಿಗೆ ಮುಂಬೈಯ ಹೆಸರನ್ನೇ ಅಂಟಿಸಿದ್ದರು. ಅವರ ಗಂಡುಮಕ್ಕಳು ಕಾವಲುಗಾರರಾಗಿ ಹೋಗುತ್ತಿದ್ದ ಊರು ಅದು.

ಈ ಕಥೆಯನ್ನು ಗಂಭೀರವಾಗಿ ಕೆದಕಿದ ಮೊದಲಿಗರಲ್ಲಿ ಒಬ್ಬರು ದಕ್ಷಿಣ ಆಫ್ರಿಕಾದ ವೈದ್ಯ ಸಿಡ್ನಿ ಕಾರ್ಕ್. ನಟಾಲ್ ಪ್ರಾಂತ್ಯದ ಫೊಲೇಲಾ ಎಂಬ ಹಳ್ಳಿಗಾಡಿನಲ್ಲಿ ಆರೋಗ್ಯ ಕೇಂದ್ರ ನಡೆಸುತ್ತಿದ್ದ ಅವರು 1949ರಲ್ಲಿ ಆಫ್ರಿಕನ್ನರ ನಡುವಿನ ಸಿಫಿಲಿಸ್ ಬಗ್ಗೆ ಒಂದು ಪ್ರಬಂಧ ಬರೆದರು. ಎಚ್‌ಐವಿ ಎಂಬ ಹೆಸರು ಹುಟ್ಟಲು ಇನ್ನೂ ಮೂರೂವರೆ ದಶಕಗಳಿದ್ದವು. ಕಾರ್ಕ್ ಹೇಳಿದ್ದು ಇಷ್ಟು: ಚಿನ್ನದ ಗಣಿಗಳು ಗಂಡಸರನ್ನು ಮಾತ್ರ ಕರೆಸಿಕೊಂಡು, ಹಾಸ್ಟೆಲ್‌ಗಳಲ್ಲಿ ಸಾಲಾಗಿ ಮಲಗಿಸಿ, ಸಂಸಾರವನ್ನು ಊರಲ್ಲೇ ಉಳಿಸುವ ವ್ಯವಸ್ಥೆ ಇರುವವರೆಗೆ ಸಿಫಿಲಿಸ್‌ಗೆ ಬರೀ ಸೂಜಿ ಚುಚ್ಚಿ ಪ್ರಯೋಜನವಿಲ್ಲ. ಅರ್ಧ ಶತಮಾನದ ನಂತರ ಎಚ್‌ಐವಿ ಅದೇ ದಾರಿಯಲ್ಲಿ ನಡೆದು ಬಂದಾಗ ಅವರ ಪ್ರಬಂಧವನ್ನು ಹುಡುಕಿ ತೆಗೆದು ಮತ್ತೆ ಅಚ್ಚುಹಾಕಿದರು.

ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಅದೇ ಪ್ರಾಂತ್ಯದಲ್ಲಿ ಮಾರ್ಕ್ ಲೂರಿ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಒಂಟಿ ವ್ಯಕ್ತಿಗಳನ್ನು ಬಿಟ್ಟು ಗಂಡ ಹೆಂಡತಿ ಇಬ್ಬರನ್ನೂ ಪರೀಕ್ಷಿಸಿದರು. ಗಂಡ ಕಾರ್ಲ್‌ಟನ್‌ವಿಲ್‌ನ ಗಣಿಗೋ ರಿಚರ್ಡ್ಸ್ ಬೇ ಬಂದರಿನ ಕಾರ್ಖಾನೆಗೋ ದುಡಿಯಲು ಹೋಗಿದ್ದರೆ ಅಲ್ಲಿಗೇ ಹೋಗಿ ರಕ್ತ ತೆಗೆದುಕೊಂಡರು. ಹೀಗೆ ಜೋಡಿ ಜೋಡಿಯಾಗಿ ನೋಡಿದಾಗ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳು ಸಿಗುತ್ತವೆ. ತರ್ಕ ಇರುವುದೇ ಇಲ್ಲಿ. ಹೆಂಡತಿಗೆ ಮಾತ್ರ ಸೋಂಕಿದ್ದು ಗಂಡನಿಗೆ ಇಲ್ಲವಾದರೆ, ಅದು ಅವನಿಂದ ಬಂದಿರಲು ಸಾಧ್ಯವಿಲ್ಲ. ಒಬ್ಬರಿಗಷ್ಟೇ ಸೋಂಕಿದ್ದ ಜೋಡಿಗಳಲ್ಲಿ ಅದು ಹೆಂಡತಿಗೆ ಮಾತ್ರ ಇದ್ದದ್ದು ಸುಮಾರು ಶೇ. 30ರಲ್ಲಿ. ಗಣಿಯಿಂದ ಹೊರಟ ಬಸ್ಸಿನ ಕಥೆ ಈ ಶೇ. 30ಕ್ಕೆ ಉತ್ತರ ಹೇಳುವುದಿಲ್ಲ.

ಹಾಗಾದರೆ ಆ ಹೆಂಗಸರು ತಪ್ಪಿತಸ್ಥರೇ ಎಂದು ಯಾರಾದರೂ ಕೇಳಿಯಾರು. ಪ್ರಶ್ನೆ ಕೇಳುವ ದಿಕ್ಕೇ ತಪ್ಪು. ವರ್ಷದ ಹತ್ತು ತಿಂಗಳು ಗಂಡನಿಲ್ಲದ, ಹಣ ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ವಲಸೆ ಎಂಬುದು ಒಬ್ಬನಿಗೆ ಆಗುವುದಲ್ಲ. ಹೋದವನಿಗೂ ಆಗುತ್ತದೆ, ಉಳಿದವಳಿಗೂ ಆಗುತ್ತದೆ.

ಯುರೋಪಿನಿಂದ ಇನ್ನೊಂದು ಲೆಕ್ಕ. ಆಫ್ರಿಕಾ, ಲ್ಯಾಟಿನ್ ಅಮೆರಿಕ ಮುಂತಾದೆಡೆಯಿಂದ ಬಂದು ಯುರೋಪಿನಲ್ಲಿ ನೆಲೆಸಿದ ಎಚ್‌ಐವಿ ಸೋಂಕಿತರನ್ನು ಅಲ್ಲಿನ ಜನ 'ರೋಗ ಹೊತ್ತು ತಂದವರು' ಎಂದೇ ನೋಡುತ್ತಿದ್ದರು. ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇವರಿಗೆ ಸೋಂಕು ತಗುಲಿದ್ದು ಹೊರಡುವ ಮೊದಲೋ ಬಂದ ಮೇಲೋ ಎಂದು ಲೆಕ್ಕ ಹಾಕಿತು. ಹೇಗೆಂದರೆ, ಎಚ್‌ಐವಿ ನಮ್ಮ ರಕ್ತದಲ್ಲಿನ ಸಿಡಿ4 ಎಂಬ ಬಿಳಿ ರಕ್ತಕಣಗಳನ್ನು ಕೊಲ್ಲುತ್ತ ಹೋಗುತ್ತದೆ. ಆರೋಗ್ಯವಂತರಲ್ಲಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು 500ರಿಂದ 1500ರವರೆಗೆ ಇರುತ್ತವೆ. ಔಷಧ ಇಲ್ಲದಿದ್ದರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತವೆ. ಇಳಿಯುವ ವೇಗ ಗೊತ್ತಿದ್ದರೆ, ಈಗ ಉಳಿದದ್ದನ್ನು ನೋಡಿ ಇಳಿಯಲು ಶುರುವಾದದ್ದು ಯಾವಾಗ ಎಂದು ಅಂದಾಜು ಮಾಡಬಹುದು. ಕೊಡದಲ್ಲಿ ಉಳಿದ ನೀರು ನೋಡಿ ತೂತು ಬಿದ್ದ ಹೊತ್ತನ್ನು ಹೇಳಿದಂತೆ. ಆ ಲೆಕ್ಕದಲ್ಲಿ ಶೇ. 63 ಮಂದಿಗೆ ಸೋಂಕು ತಗುಲಿದ್ದು ಯುರೋಪಿಗೆ ಬಂದ ಮೇಲೆ ಎಂದು ತಿಳಿಯಿತು. ಅವರು ಹೊತ್ತು ತಂದಿರಲಿಲ್ಲ. ಬಂದಲ್ಲಿ ಸಿಕ್ಕಿತ್ತು.

ವಲಸೆ ಹೋದರೆ ಯಾಕೆ ಸಿಗುತ್ತದೆ? ಇದಕ್ಕೆ ಉತ್ತರ ಹೇಳಲು ವೈರಾಣುವಿನ ಬಲಹೀನತೆಯಿಂದ ಶುರುಮಾಡಬೇಕು. ಹೌದು, ಬಲಹೀನತೆ. ಎಚ್‌ಐವಿ ಅಷ್ಟು ಸುಲಭವಾಗಿ ಹರಡುವ ವೈರಾಣುವಲ್ಲ. ಕೆಮ್ಮಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಹರಡುವುದಿಲ್ಲ. ಚಿಕಿತ್ಸೆ ಪಡೆಯದ ಸೋಂಕಿತ ಗಂಡಿನಿಂದ ಹೆಣ್ಣಿಗೆ, ಕಾಂಡೋಮ್ ಇಲ್ಲದೆ ನಡೆದ 10,000 ಸಂಭೋಗಗಳಲ್ಲಿ ಸರಾಸರಿ 8ರಲ್ಲಿ ಅದು ದಾಟುತ್ತದೆ. ಹೆಣ್ಣಿನಿಂದ ಗಂಡಿಗೆ ಇನ್ನೂ ಕಡಿಮೆ, ಸುಮಾರು 4. ಗುದಸಂಭೋಗದಲ್ಲಿ ಒಳಗೊಳ್ಳುವವರಿಗೆ ಮಾತ್ರ ಈ ಅಂಕಿ 138ರವರೆಗೆ ಏರುತ್ತದೆ. ಗಂಡಸರು ಮಾತ್ರ ಇರುವ ಶೆಡ್ಡುಗಳಲ್ಲಿ ಗಂಡಸರ ನಡುವೆಯೇ ಸಂಬಂಧಗಳಾಗುತ್ತವೆ. ನಮ್ಮ ಗೋಡೆಬರಹಗಳಲ್ಲಿ 'ಪರಸ್ತ್ರೀ ಸಂಗ' ಎಂದು ಬರೆದದ್ದನ್ನು ಓದಿದವನು, ಇನ್ನೊಬ್ಬ ಗಂಡಸಿನೊಂದಿಗೆ ಮಲಗಿದರೆ ಅಪಾಯವಿಲ್ಲ ಎಂದೇ ತಿಳಿಯುತ್ತಾನೆ. ಬರೆದವರ ಸಂಕೋಚಕ್ಕೆ ಓದಿದವನು ದಂಡ ತೆರುತ್ತಾನೆ.

ಇಷ್ಟು ಬಲಹೀನ ವೈರಾಣು ಜಗತ್ತಿನಾದ್ಯಂತ ಕೋಟಿಗಟ್ಟಲೆ ಜನರನ್ನು ಮುಟ್ಟಿದ್ದು ಹೇಗೆ? 1987ರಲ್ಲಿ ರಾಬರ್ಟ್ ಮೇ ಮತ್ತು ರಾಯ್ ಆಂಡರ್ಸನ್ ಇದಕ್ಕೊಂದು ಲೆಕ್ಕ ಬರೆದರು. ಮೂರು ಸಂಖ್ಯೆಗಳ ಗುಣಾಕಾರ ಅದು. ಒಂದು, ಸೋಂಕಿತರಿಂದ ಜೊತೆಗಾರರಿಗೆ ಸೋಂಕು ದಾಟುವ ಸಾಧ್ಯತೆ. ಎರಡು, ಎಷ್ಟು ಬೇಗ ಜೊತೆಗಾರರು ಬದಲಾಗುತ್ತಾರೆ. ಮೂರು, ಸೋಂಕಿತರು ಎಷ್ಟು ಕಾಲ ಸೋಂಕು ಹರಡಬಲ್ಲ ಸ್ಥಿತಿಯಲ್ಲಿರುತ್ತಾರೆ. ಗುಣಿಸಿದ್ದು ಒಂದಕ್ಕಿಂತ ಹೆಚ್ಚಾದರೆ ರೋಗ ಬೆಳೆಯುತ್ತದೆ, ಕಡಿಮೆಯಾದರೆ ಆರುತ್ತದೆ. ಫ್ಲೂ ಮೊದಲನೆಯ ಸಂಖ್ಯೆಯಿಂದ ಗೆಲ್ಲುತ್ತದೆ. ಎಚ್‌ಐವಿ ಗೆಲ್ಲುವುದು ಮೂರನೆಯದರಿಂದ: ಔಷಧವಿಲ್ಲದೆ ಎಂಟು ಹತ್ತು ವರ್ಷ ಅದು ಒಳಗೇ ಕೂತಿರಬಲ್ಲದು, ಹೊರಗೆ ಆಳು ಸಿಮೆಂಟಿನ ಚೀಲ ಹೊರುತ್ತಲೇ ಇರುತ್ತಾನೆ.

ವಲಸೆಯ ಬಗ್ಗೆ ಮಾತಾಡುವವರೆಲ್ಲ ಎರಡನೆಯ ಸಂಖ್ಯೆಯ ಮೇಲೇ ಕಣ್ಣಿಟ್ಟಿರುತ್ತಾರೆ. ಕುಡಿತ, ವಾರದ ಬಟವಾಡೆ, ಶನಿವಾರ ರಾತ್ರಿ. ಅದು ಸುಳ್ಳಲ್ಲ. ಆದರೆ ನಾನು ನೋಡಿದ ಮಟ್ಟಿಗೆ ಹೆಚ್ಚಿನ ಅನಾಹುತ ಆಗುವುದು ಮೊದಲನೆಯದು ಮತ್ತು ಮೂರನೆಯದರಲ್ಲಿ. ಇವೆರಡನ್ನೂ ಏರಿಸುವುದು ಆ ಮನುಷ್ಯನ ನಡತೆಯಲ್ಲ. ದವಾಖಾನೆಯ ಬಾಗಿಲು.

ಒಂದು ಹುಣ್ಣಿನ ಕಥೆ ಹೇಳುತ್ತೇನೆ. ಸಿಫಿಲಿಸ್‌ನ ಮೊದಲ ಹಂತದಲ್ಲಿ ಗುಪ್ತಾಂಗದ ಮೇಲೆ ಒಂದು ಹುಣ್ಣಾಗುತ್ತದೆ. ಅಂಚು ಗಟ್ಟಿ, ತಳ ಸ್ವಚ್ಛ, ಮುಟ್ಟಿದರೆ ನೋವಿಲ್ಲ. ತಗಡಿನ ಶೆಡ್ಡಿನಲ್ಲಿರುವ ಗಾರೆ ಕೆಲಸದವನು ಏನು ಮಾಡುತ್ತಾನೆ? ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ಹೊತ್ತಿನಲ್ಲೇ ಕೆಲಸದ ಸೈಟೂ ತೆರೆದಿರುತ್ತದೆ. ಹೋದರೆ ದಿನದ ಪಗಾರ ಹೋಯಿತು. ರಾತ್ರಿ ಮೆಡಿಕಲ್ ಸ್ಟೋರಿಗೆ ಹೋಗಿ, ಇತರ ಗಿರಾಕಿಗಳು ಹೋಗುವವರೆಗೆ ಕಾದು, ದನಿ ತಗ್ಗಿಸಿ ಹೇಳುತ್ತಾನೆ. ಅಂಗಡಿಯವನು ನಾಲ್ಕು ಗುಳಿಗೆ ಕತ್ತರಿಸಿ ಕೊಡುತ್ತಾನೆ. ಕೆಲವೇ ವಾರಗಳಲ್ಲಿ ಹುಣ್ಣು ಮಾಯ! ಗುಳಿಗೆ ಬಲು ಚಲೋ ಎಂದು ಪಕ್ಕದ ಶೆಡ್ಡಿನವನಿಗೂ ಹೇಳುತ್ತಾನೆ.

ವಿಷಯವೇನೆಂದರೆ ಸಿಫಿಲಿಸ್‌ನ ಆ ಹುಣ್ಣು ಏನೂ ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ತಾನೇ ಮಾಯುತ್ತದೆ. ರೋಗಾಣು ಮಾತ್ರ ಒಳಗೇ ಉಳಿದು ವರ್ಷಗಳ ಕಾಲ ಅಡಗಿ ಕೂರುತ್ತದೆ. ನಿಜವಾದ ಮದ್ದು ಬೆಂಜಥೀನ್ ಪೆನಿಸಿಲಿನ್. ಆರಂಭದ ಹಂತದಲ್ಲಾದರೆ 24 ಲಕ್ಷ ಯೂನಿಟ್‌ನ ಒಂದೇ ಸಲದ ಚುಚ್ಚುಮದ್ದು ಸಾಕು. ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಅದು ಪುಕ್ಕಟೆ. ಅಲ್ಲಿ ಲಕ್ಷಣಕ್ಕೆ ತಕ್ಕಂತೆ ಔಷಧಗಳನ್ನು ಬಣ್ಣದ ಪೊಟ್ಟಣಗಳಲ್ಲಿ ಮೊದಲೇ ಕಟ್ಟಿಟ್ಟಿರುತ್ತಾರೆ: ಮೂತ್ರನಾಳದಿಂದ ಕೀವು ಬಂದರೆ ಬೂದು ಬಣ್ಣದ್ದು, ಹೆಂಗಸರ ಬಿಳಿಸೆರಗಿಗೆ ಹಸಿರು, ಹುಣ್ಣಿಗೆ ಬಿಳಿ, ನೀರುಗುಳ್ಳೆಗೆ ಕೆಂಪು, ಕಿಬ್ಬೊಟ್ಟೆ ನೋವಿಗೆ ಹಳದಿ. ಓದು ಬಾರದವರಿಗೂ, ಪ್ರಯೋಗಾಲಯವಿಲ್ಲದ ಊರಿಗೂ ಹೊಂದುವ ಜಾಣ ಏರ್ಪಾಡು. ಬಾಗಿಲು ತೆರೆದಿರುವ ಹೊತ್ತು ಮಾತ್ರ ಬೆಳಿಗ್ಗೆಯದು.

ಈ ಹುಣ್ಣಿಗೂ ಎಚ್‌ಐವಿಗೂ ಏನು ಸಂಬಂಧ? ಹುಣ್ಣಾದಲ್ಲಿ ಚರ್ಮದ ಬೇಲಿ ಕಿತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಯ ಕಾಯಲು ದೇಹ ಅಲ್ಲಿಗೆ ಬಿಳಿ ರಕ್ತಕಣಗಳ ಪಡೆಯನ್ನು ಕಳಿಸಿರುತ್ತದೆ, ಅದರಲ್ಲಿ ಸಿಡಿ4 ಕಣಗಳೂ ಇರುತ್ತವೆ. ಎಚ್‌ಐವಿ ಹುಡುಕಿಕೊಂಡು ಬರುವುದೇ ಅವನ್ನು. ಕಾವಲಿಗೆ ಬಂದವರನ್ನೇ ಹಿಡಿಯುವ ಕಳ್ಳ. ಹತ್ತು ಸಾವಿರದಲ್ಲಿ ನಾಲ್ಕು, ಎಂಟು ಎಂದೆನಲ್ಲ, ಆ ಅಂಕಿ ಹುಣ್ಣಿದ್ದಾಗ ಹಲವು ಪಟ್ಟು ಏರುತ್ತದೆ. ಹೊಸದಾಗಿ ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೂ ಹಾಗೆಯೇ. ಆಗ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಾಣುಗಳು ಲಕ್ಷ, ಹತ್ತು ಲಕ್ಷ ದಾಟಿರುತ್ತವೆ, ಮೈಗೆ ಸಣ್ಣ ಜ್ವರವಷ್ಟೆ. ಪ್ರತಿಕಾಯ ನೋಡುವ ಪರೀಕ್ಷೆಯಲ್ಲೂ ಆಗ ಏನೂ ಕಾಣದಿರಬಹುದು. ವಿಂಡೋ ಪೀರಿಯಡ್ ಎನ್ನುವುದು ಇದನ್ನೇ.

ಹಾಗಾದರೆ ಲೈಂಗಿಕ ರೋಗಗಳಿಗೆ ಸರಿಯಾಗಿ ಚಿಕಿತ್ಸೆ ಕೊಟ್ಟುಬಿಟ್ಟರೆ ಎಚ್‌ಐವಿ ಇಳಿಯಬೇಕಲ್ಲ? ಟಾಂಜಾನಿಯಾದ ಮ್ವಾಂಜಾದಲ್ಲಿ ಇದನ್ನು ಪರೀಕ್ಷಿಸಿದರು. ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ವರ್ಷವಿಡೀ ಔಷಧ ಸಿಗುವಂತೆ, ಸಿಬ್ಬಂದಿಗೆ ತರಬೇತಿಯಾಗುವಂತೆ ನೋಡಿಕೊಂಡದ್ದೇ ಹೊಸ ಸೋಂಕು ಸುಮಾರು ಶೇ. 40 ಇಳಿಯಿತು. ಅದು ಪ್ರಕಟವಾದದ್ದು 1995ರಲ್ಲಿ. ಜಗತ್ತೆಲ್ಲ ಕುಣಿದಾಡಿತು. 1999ರಲ್ಲಿ ಪಕ್ಕದ ಉಗಾಂಡಾದ ರಾಕಾಯ್‌ನಿಂದ ಇನ್ನೊಂದು ಫಲಿತಾಂಶ ಬಂತು: ಅಲ್ಲಿ ಹತ್ತು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಎಲ್ಲರಿಗೂ ಔಷಧ ನುಂಗಿಸಿದ್ದರು, ಎಚ್‌ಐವಿ ಕದಲಲಿಲ್ಲ. ವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದರು. ರಾಕಾಯ್‌ನಲ್ಲಿ ಎಚ್‌ಐವಿ ಆಗಲೇ ಹಳತಾಗಿತ್ತು, ಹುಣ್ಣುಗಳಲ್ಲಿ ಹೆಚ್ಚಿನವು ಈ ಔಷಧಗಳಿಗೆ ಬಗ್ಗದ ಹರ್ಪಿಸ್‌ನವು ಎಂಬುದು ಒಂದು ವಿವರಣೆ. ನನಗೆ ಹಿಡಿಸಿದ ಇನ್ನೊಂದು ವಿವರಣೆ ಸರಳ: ಮ್ವಾಂಜಾದಲ್ಲಿ ಹುಣ್ಣಾದ ದಿನವೇ ಹೋಗಲು ಒಂದು ಜಾಗವಿತ್ತು. ರಾಕಾಯ್‌ನಲ್ಲಿ ಔಷಧ ಬರುವ ದಿನಕ್ಕೆ ಹುಣ್ಣು ಕಾಯಬೇಕಿತ್ತು.

ಈಗ ನಮ್ಮ ಕಡೆಗೆ ಬರೋಣ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷಿಸಿದಾಗ ಶೇ. 2.9ರಷ್ಟು ವಯಸ್ಕರಲ್ಲಿ ಎಚ್‌ಐವಿ ಕಂಡಿತು. ಇಡೀ ದೇಶದ ಈಗಿನ ಪ್ರಮಾಣ ಸುಮಾರು ಶೇ. 0.2 ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ತಜ್ಞರು ತಬ್ಬಿಬ್ಬಾದದ್ದು ಇನ್ನೊಂದು ಕಾರಣಕ್ಕೆ: ಪಟ್ಟಣಕ್ಕಿಂತ ಹಳ್ಳಿಯಲ್ಲೇ ಹೆಚ್ಚಿತ್ತು, ಅದೂ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಬಹಳ ವ್ಯತ್ಯಾಸವಿತ್ತು. ರೋಗ ಬಸ್ಸಿನಲ್ಲಷ್ಟೇ ಬಂದಿದ್ದರೆ ಬಸ್ಸು ನಿಲ್ಲುವ ಊರುಗಳಲ್ಲೆಲ್ಲ ಒಂದೇ ಸಮ ಇರಬೇಕಿತ್ತು. ಸಂಬಂಧಗಳ ಬಲೆ ಊರಿನೊಳಗೂ ಇತ್ತು, ಸಾಂಗ್ಲಿ, ಪುಣೆ, ಮುಂಬೈವರೆಗೂ ಚಾಚಿತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸಿ 1982ರಲ್ಲಿ ಕಾಯ್ದೆ ಬಂದರೂ ಆ ಮನೆತನಗಳ ಎಷ್ಟೋ ಹೆಣ್ಣುಮಕ್ಕಳು ಲೈಂಗಿಕ ದುಡಿಮೆಗೆ ಈ ಶಹರಗಳಿಗೆ ಹೋಗಿ ಬಂದು ಮಾಡುತ್ತಿದ್ದರು. ಅವರೂ ವಲಸೆ ಕಾರ್ಮಿಕರೇ. ಸರ್ಕಾರದ ಕಡತಗಳಲ್ಲಿ ಮಾತ್ರ 'ವಲಸಿಗ' ಅಂದರೆ ಗಂಡಸು, ಅವರು ಬೇರೆ ಕಡತ.

ಗೋವೆಯ ವಾಸ್ಕೋ ಪಕ್ಕದ ಬೈನಾ ಕಡಲತಡಿಯ ಕೇರಿಯಲ್ಲಿ ಇಂಥವರು ಬಹಳ ಮಂದಿ ಇದ್ದರು, ಹೆಚ್ಚಿನವರು ಕರ್ನಾಟಕ ಮತ್ತು ಆಂಧ್ರದಿಂದ ಬಂದವರು. ಹೈಕೋರ್ಟಿನ ಆದೇಶದ ಮೇಲೆ 2004ರ ಜೂನ್‌ನಲ್ಲಿ, ಮಳೆ ಹಿಡಿದ ಹೊತ್ತಿನಲ್ಲಿ, ಬುಲ್ಡೋಜರುಗಳು ಬಂದು ಆ ಗುಡಿಸಲುಗಳನ್ನು ಕೆಡವಿದವು. ಹೆಂಗಸರು ಚೆದುರಿದರು. ವರ್ಷಗಳ ಕಾಲ ಅಲ್ಲಿಗೆ ಹೋಗಿ ಕಾಂಡೋಮ್ ಹಂಚುತ್ತಿದ್ದ, ಪರೀಕ್ಷೆ ಮಾಡಿಸುತ್ತಿದ್ದ ಕಾರ್ಯಕರ್ತೆಯರಿಗೆ ಈಗ ಯಾರನ್ನು ಎಲ್ಲಿ ಹುಡುಕಬೇಕೆಂದೇ ತಿಳಿಯದಾಯಿತು.

ಕಾಣದವರನ್ನು ಎಣಿಸುವುದು ಹೇಗೆ? ಮತದಾರರ ಪಟ್ಟಿ ಇಲ್ಲ, ಮನೆ ನಂಬರಿಲ್ಲ. ಸಮಾಜಶಾಸ್ತ್ರಜ್ಞ ಡಗ್ಲಸ್ ಹೆಕ್ಕಥಾರ್ನ್ 1997ರಲ್ಲಿ ಸೂಚಿಸಿದ ಒಂದು ಉಪಾಯ ಗೋವೆಯಲ್ಲಿ ಕೈಹಿಡಿಯಿತು. ಮೊದಲು ಕೆಲವೇ ಹೆಂಗಸರನ್ನು ಹುಡುಕಿ ಮಾತಾಡಿಸುವುದು, ಅವರ ಕೈಗೆ ಎರಡು ಮೂರು ಚೀಟಿ ಕೊಡುವುದು. ಅವರು ತಮಗೆ ಗೊತ್ತಿರುವ ಗೆಳತಿಯರಿಗೆ ಕೊಟ್ಟು ಕಳಿಸಬೇಕು. ಬಂದ ಗೆಳತಿಗೂ ಚೀಟಿ. ಅರಿಶಿನ ಕುಂಕುಮಕ್ಕೆ ಒಬ್ಬಾಕೆ ಮತ್ತೊಬ್ಬಾಕೆಯನ್ನು ಕರೆದ ಹಾಗೆ. ಲೆಕ್ಕದ ಜಾಣ್ಮೆ ಇರುವುದು ಕೊನೆಯಲ್ಲಿ: ಬಹಳ ಗೆಳತಿಯರಿರುವವಳು ಚೀಟಿ ಪಡೆಯುವ ಸಾಧ್ಯತೆ ಹೆಚ್ಚು, ಒಂಟಿಯಾಗಿರುವವಳದ್ದು ಕಡಿಮೆ. ಆದ್ದರಿಂದ "ನಿನಗೆ ಎಷ್ಟು ಜನ ಗೊತ್ತು?" ಎಂದು ಕೇಳಿ, ಹೆಚ್ಚು ಗೊತ್ತಿರುವವಳ ಉತ್ತರಕ್ಕೆ ಕಡಿಮೆ ತೂಕ, ಒಂಟಿಗಿತ್ತಿಯ ಉತ್ತರಕ್ಕೆ ಹೆಚ್ಚು ತೂಕ ಕೊಡುತ್ತಾರೆ. ಹೀಗೆ ಸಿಕ್ಕ 326 ಹೆಂಗಸರಲ್ಲಿ ಎಚ್‌ಐವಿ ಇದ್ದವರ ಪ್ರಮಾಣ ಶೇ. 25.7 ಎಂದು ತಿಳಿದುಬಂತು. ನಾಲ್ವರಲ್ಲಿ ಒಬ್ಬರು. ಕೇರಿ ಕೆಡವಿದ್ದರಿಂದ ರೋಗ ಕೆಡವಿದಂತಾಗಲಿಲ್ಲ, ಅದರ ವಿಳಾಸ ಮಾತ್ರ ಕಳೆದುಹೋಯಿತು.

ಅದೇ ಹೊತ್ತಿಗೆ ಮೈಸೂರಿನಲ್ಲಿ ಬೇರೆಯದೇ ನಡೆಯುತ್ತಿತ್ತು. ಅಲ್ಲಿ ಕೇರಿಯೆಂಬುದೇ ಇರಲಿಲ್ಲ. ಬಸ್ ನಿಲ್ದಾಣ, ಲಾಡ್ಜು, ರಸ್ತೆಬದಿ, ಹೀಗೆ ಚದುರಿಕೊಂಡೇ ಇದ್ದವರು. ಲೈಂಗಿಕ ಕಾರ್ಯಕರ್ತೆಯರು ತಾವೇ ಕಟ್ಟಿಕೊಂಡ ಆಶೋದಯ ಸಮಿತಿ ಅವರಿಗೊಂದು ಜಾಗ ಮಾಡಿತು. ಬಂದು ಸ್ನಾನ ಮಾಡಬಹುದು, ಮಲಗಬಹುದು, ಪಕ್ಕದಲ್ಲೇ ಕ್ಲಿನಿಕ್. 2004 ಮತ್ತು 2006ರ ಸಮೀಕ್ಷೆಗಳ ನಡುವೆ ಅವರಲ್ಲಿ ಸಿಫಿಲಿಸ್ ಶೇ. 25ರಿಂದ 12ಕ್ಕೆ ಇಳಿಯಿತು. ಎಚ್‌ಐವಿ ಮಾತ್ರ ಶೇ. 26 ಇದ್ದದ್ದು 24, ಇಳಿದಿಲ್ಲವೆಂದೇ ಹೇಳಬೇಕು. ಕೆಲಸ ವ್ಯರ್ಥವಾಯಿತೇ? ಇಲ್ಲ. ಸಿಫಿಲಿಸ್ ಗುಣವಾದವರು ಲೆಕ್ಕದಿಂದ ಹೊರಗೆ ಹೋಗುತ್ತಾರೆ. ಎಚ್‌ಐವಿ ಒಮ್ಮೆ ಬಂದವರು, ಬದುಕಿರುವವರೆಗೆ ಲೆಕ್ಕದಲ್ಲೇ ಇರುತ್ತಾರೆ. ಹೊಸ ಸೋಂಕು ಪೂರ್ತಿ ನಿಂತರೂ ಒಟ್ಟು ಪ್ರಮಾಣ ತಕ್ಷಣ ಇಳಿಯುವುದಿಲ್ಲ, ಚಿಕಿತ್ಸೆಯಿಂದ ಹೆಚ್ಚು ಬಾಳಿದಷ್ಟೂ ಏರಲೂಬಹುದು. ಪತ್ರಿಕೆಗಳಲ್ಲಿ 'ಎಚ್‌ಐವಿ ಸೋಂಕಿತರ ಸಂಖ್ಯೆ ಏರಿಕೆ' ಎಂದು ಗಾಬರಿ ಶೀರ್ಷಿಕೆ ಕಂಡಾಗ ನಾನು ಮೊದಲು ಹುಡುಕುವುದು ಅದು ಹೊಸ ಸೋಂಕಿನ ಅಂಕಿಯೋ ಒಟ್ಟು ಅಂಕಿಯೋ ಎಂದು. ಬಹಳ ಸಲ ಬರೆದವರಿಗೇ ಗೊತ್ತಿರುವುದಿಲ್ಲ.

ಮನೆಯಲ್ಲಿ ಉಳಿದ ಹೆಂಡತಿಗೆ ಬರೋಣ. ಬಹಳಷ್ಟು ಸಂಸಾರಗಳಲ್ಲಿ ಎಚ್‌ಐವಿ ಮೊದಲು ಗೊತ್ತಾಗುವುದು ಅವಳ ರಕ್ತದಲ್ಲಿ. ಕಾರಣ ಇಷ್ಟೇ: ಬಸುರಿಯಾದಾಗ ತಾಯಿ ಕಾರ್ಡ್ ಮಾಡಿಸಲು ಹೋದವಳಿಗೆ ಎಲ್ಲ ಪರೀಕ್ಷೆಗಳ ಜೊತೆ ಅದೂ ಆಗುತ್ತದೆ. ಗಂಡನಿಗೆ ಬಸುರಿಲ್ಲ, ಪರೀಕ್ಷೆಯೂ ಇಲ್ಲ. ಮೊದಲು ಗೊತ್ತಾದವಳೇ ಮೊದಲು ತಂದವಳು ಎಂದು ಅತ್ತೆಮನೆ ತೀರ್ಮಾನಿಸುತ್ತದೆ. ಪರೀಕ್ಷೆಯ ಸರದಿಯನ್ನು ಸೋಂಕಿನ ಸರದಿ ಎಂದು ತಿಳಿದದ್ದರ ಫಲ ಇದು. ಎಷ್ಟೋ ಹೆಂಗಸರು ಇದೇ ಕಾರಣಕ್ಕೆ ತವರಿಗೆ ಮರಳಿದ್ದಾರೆ. ಆ ಪರೀಕ್ಷೆಯಿಂದ ಆದ ಉಪಕಾರವೂ ದೊಡ್ಡದೇ: ಏನೂ ಮಾಡದಿದ್ದರೆ ಸೋಂಕಿತ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ಶೇ. 15ರಿಂದ 45. ಸರಿಯಾಗಿ ಔಷಧ ತೆಗೆದುಕೊಂಡರೆ ಶೇ. 5ಕ್ಕಿಂತ ಕಡಿಮೆ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋಗುವವರ ಪರೀಕ್ಷೆ ಇನ್ನೊಂದು ಬಗೆ. ವೀಸಾಕ್ಕೆ ಮೊದಲು ಮೆಡಿಕಲ್, ಅಲ್ಲಿ ಇಳಿದ ಮೇಲೆ ಮತ್ತೆ ಮೆಡಿಕಲ್. ಎಚ್‌ಐವಿ ಕಂಡರೆ 'ಅನ್‌ಫಿಟ್', ಅಲ್ಲೇ ಕಂಡರೆ ಗಡೀಪಾರು. ಆ ಪರೀಕ್ಷೆ ಅವನಿಗಾಗಿ ಮಾಡಿದ್ದಲ್ಲ. ಹಾಗಾಗಿ ಕೊಲ್ಲಿಯಲ್ಲಿ ದುಡಿಯುವವನು ಪರೀಕ್ಷೆಯಿಂದ ದೂರ ಓಡುತ್ತಾನೆ, ಮೇ ಮತ್ತು ಆಂಡರ್ಸನ್ ಲೆಕ್ಕದ ಮೂರನೆಯ ಸಂಖ್ಯೆ ಬೆಳೆಯುತ್ತ ಹೋಗುತ್ತದೆ. ನಮ್ಮ ದೇಶದಲ್ಲಿ 2017ರ ಎಚ್‌ಐವಿ ಕಾಯ್ದೆ ಕೆಲಸ ಕೊಡಲು ಪರೀಕ್ಷೆ ಕಡ್ಡಾಯ ಮಾಡುವುದನ್ನು ನಿಷೇಧಿಸಿದೆ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ ಎಂದಿದೆ. ಒಳ್ಳೆಯ ಕಾಯ್ದೆ. ಮೇಸ್ತ್ರಿಗಳು ಅದನ್ನು ಓದಿಲ್ಲ.

ಮೂರನೆಯ ಸಂಖ್ಯೆಯನ್ನು ಕತ್ತರಿಸುವ ಕತ್ತರಿ ಈಗ ನಮ್ಮ ಕೈಯಲ್ಲಿದೆ. ಎಚ್‌ಐವಿ ಔಷಧವನ್ನು ಸರ್ಕಾರ ಪುಕ್ಕಟೆ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆಗ ಸಿಡಿ4 ಬಹಳ ಇಳಿದವರಿಗೆ ಮಾತ್ರ ಕೊಡುತ್ತಿದ್ದರು. 2011ರಲ್ಲಿ ಎಚ್‌ಪಿಟಿಎನ್ 052 ಎಂಬ ಪ್ರಯೋಗದ ಫಲಿತಾಂಶ ಬಂತು: ಸೋಂಕಿತರಿಗೆ ಬೇಗನೆ ಔಷಧ ಶುರುಮಾಡಿದರೆ ಅವರ ಸಂಗಾತಿಗೆ ಸೋಂಕು ದಾಟುವುದು ಶೇ. 96 ಕಡಿಮೆಯಾಗುತ್ತದೆ. ಆಮೇಲಿನ ಅಧ್ಯಯನಗಳು ಇನ್ನೂ ಮುಂದೆ ಹೋದವು. ಔಷಧದಿಂದ ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಇಳಿದಿದ್ದರೆ, ಲೈಂಗಿಕ ಸಂಪರ್ಕದಿಂದ ಅದು ದಾಟುವುದೇ ಇಲ್ಲ. 2017ರಿಂದ ನಮ್ಮಲ್ಲೂ ಸಿಡಿ4 ಎಷ್ಟೇ ಇರಲಿ, ಗೊತ್ತಾದೊಡನೆ ಔಷಧ. ಈಗಿನದು ದಿನಕ್ಕೊಂದೇ ಗುಳಿಗೆ, ಮೂರು ಔಷಧ ಸೇರಿದ್ದು.

ಆ ಗುಳಿಗೆ ಬರುವುದು ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹತ್ತು ಜನ ಮಲಗುವ ಶೆಡ್ಡಿನಲ್ಲಿ ಅದನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಔಷಧ ಕಂಪನಿಯವರು ಯೋಚಿಸಿರಲಿಕ್ಕಿಲ್ಲ. ಚೀಲದಲ್ಲಿಟ್ಟರೆ ಗಿಲಕಿಯಂತೆ ಸದ್ದು. ಬಲ್ಲವರು ಮೊದಲು ಲೇಬಲ್ ನೆನೆಸಿ ಕೀಳುತ್ತಾರೆ, ಆಮೇಲೆ ಒಳಗೆ ಹತ್ತಿ ತುರುಕುತ್ತಾರೆ. ಗುಳಿಗೆಗಳನ್ನು ಬೇರೆ ಚೀಟಿಯಲ್ಲಿ ಕಟ್ಟಿಟ್ಟರೆ ತೇವಕ್ಕೆ ಕೆಡುತ್ತವೆ, ಡಬ್ಬಿಯಲ್ಲೇ ಇರಲಿ ಎಂದು ಕೌನ್ಸೆಲರ್‌ಗಳು ಹೇಳುತ್ತಾರೆ. "ಯಾರರ ಕೇಳಿದ್ರ ಆಸಿಡಿಟಿ ಗುಳಿಗಿ ಅನ್ನು" ಎನ್ನುವುದನ್ನೂ ಅವರೇ ಹೇಳಿಕೊಡುತ್ತಾರೆ.

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರದಲ್ಲಿ ಒಂದು ಬೆಳಿಗ್ಗೆ ಮೂಲೆಯಲ್ಲಿ ಕೂತಿದ್ದೆ. ಮೂವತ್ತರ ಆಸುಪಾಸಿನವನೊಬ್ಬ ಚಿಕಿತ್ಸೆಯ ಹಸಿರು ಪುಸ್ತಕ ಹಿಡಿದು ಬಂದ. ಮರುದಿನ ಬಸ್ಸು.

"ಅಕ್ಕಾರ, ಮೂರು ತಿಂಗಳದ್ದು ಒಮ್ಮೆಲೇ ಕೊಟ್ಟುಬಿಡ್ರಿ. ನಾ ಹೊಂಟೀನಿ."

ಕೌನ್ಸೆಲರ್ ಪುಸ್ತಕ ತಿರುವಿ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಾಣುವಿನ ಪ್ರಮಾಣ, ನೋಡಿದರು. ಚೆನ್ನಾಗಿತ್ತು. "ಮೂರು ತಿಂಗಳದ್ದು ಕೊಡ್ತೀನಪಾ. ಆದ್ರ ಮೂರು ತಿಂಗಳಿಗೆ ನೀ ಎಲ್ಲಿ ಬರ್ತಿ? ಹೋದ ವರ್ಷನೂ ಹಿಂಗ ಹೋಗಿ ಎರಡು ತಿಂಗಳ ಗುಳಿಗಿ ತಪ್ಪಿಸಿದಿ."

"ಪಗಾರ ಕೊಟ್ಟಿರಲಿಲ್ರಿ ಅವಾಗ. ಬರಾಕ ರೊಕ್ಕಿಲ್ಲ."

"ಅದಕ್ಕ ಹೇಳೋದು. ಅಲ್ಲೇ ಸಮೀಪದ ಸೆಂಟರಿಗೆ ವರ್ಗ ಮಾಡಿ ಕೊಡ್ತೀನಿ, ಅಲ್ಲೇ ಇಸ್ಕೋ. ಎಲ್ಲಿರ್ತಿ ಹೇಳು, ವಿಳಾಸ ಬರ್ಕೋತೀನಿ."

ಅವನು ತಲೆ ಕೆರೆದುಕೊಂಡ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಕಂಬಿಗಳು ಆಕಾಶಕ್ಕೆ ಚಾಚಿಕೊಂಡ ಐದಂತಸ್ತಿನ ಒಂದು ಬಿಲ್ಡಿಂಗ್, ಬುಡದಲ್ಲಿ ತಗಡಿನ ಸಾಲು.

"ಇದರ ಎಡಕ್ಕ ಮೂರನೇ ಶೆಡ್ ರೀ."

"ಬಿಲ್ಡಿಂಗಿನ ಹೆಸರು?"

"ಇನ್ನಾ ಇಟ್ಟಿಲ್ರಿ ಅಕ್ಕಾರ."

ಕೌನ್ಸೆಲರ್ ಪೆನ್ನು ಎತ್ತಿ ಹಿಡಿದು ಒಂದು ಕ್ಷಣ ಕೂತರು. ಆಮೇಲೆ ವಿಳಾಸದ ಸಾಲು ಖಾಲಿ ಬಿಟ್ಟು ಅವನ ಫೋನ್ ನಂಬರು ಬರೆದುಕೊಂಡರು. ಅದರ ಕೆಳಗೆ ಮೇಸ್ತ್ರಿಯದ್ದು ಬರೆಯಲು ಹೋದವರು, ಅವನ ಮುಖ ನೋಡಿ, ನಿಲ್ಲಿಸಿದರು.